ಹಗೇವಿನ ಸಮಾನಧರ್ಮ

ಅಲಂಕಾರ ಕಲಿಸುವ ಮಾಸ್ತರನ ಮನೆಯಲ್ಲಿ ಯಾವ ಮಾತೂ ಸರಳವಾಗಿ ನಡೆಯುವುದಿಲ್ಲ. ಸಾರು ಉಪ್ಪಾಗಿದೆ ಅಂದರೆ ಯಾವುದರ ಹಾಗೆ ಉಪ್ಪಾಗಿದೆ ಎಂದು ಕೇಳುವ ಚಟ ನನಗೆ. ಸವದತ್ತಿ, ರಾಮದುರ್ಗ, ಕಿತ್ತೂರು, ಬೈಲಹೊಂಗಲ ಅಂತ ನಾಲ್ಕು ಊರಿನ ಹೈಸ್ಕೂಲುಗಳಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತನಾದೆ. ಚಟ ನಿವೃತ್ತಿ ತಗೊಳ್ಳಲಿಲ್ಲ, ಅದರಿಂದಾಗುವ ಫಜೀತಿಗಳೂ ನಿಲ್ಲಲಿಲ್ಲ. ಅವನ್ನೆಲ್ಲ ಬಂದವರಿಗೆ ಹೇಳಿ ನಗಿಸುತ್ತಿದ್ದವಳು ನನ್ನ ಹೆಂಡತಿ. ಅವಳು ತೀರಿಕೊಂಡು ವರ್ಷವಾಗುತ್ತ ಬಂತು. ಈಗ ನಾನೇ ಹೇಳಬೇಕು, ಅವಳಷ್ಟು ಚೆಂದ ಹೇಳಲು ಬರುವುದಿಲ್ಲ.

ಇತ್ತೀಚಿನದನ್ನೇ ಮೊದಲು ಹೇಳುತ್ತೇನೆ. ಹೊರಗೆ ಹೋಗಿ ಬಂದಾಗಲೆಲ್ಲ ನಾನು ಬಾಗಿಲಿನ ಕೀಲಿ ತೆಗೆದು, ಒಳಗೆ ಹೋಗದೆ ಹೊಸ್ತಿಲ ಹೊರಗೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎದುರಿನ ಕಿರಾಣಿ ಅಂಗಡಿಯವರು ಇದನ್ನು ಒಂದು ತಿಂಗಳು ನೋಡಿ ಕಡೆಗೆ ಎದ್ದು ಬಂದರು.

"ಕೀಲಿ ತೆಗೀವಲ್ದೇನ್ರೀ ಸರ?"

"ತಗದೈತ್ರಿ."

"ಮತ್ತ ಒಳಗ ಯಾರರ ಅದಾರೇನು?"

"ಯಾರೂ ಇಲ್ರಿ."

ಅವರು ನನ್ನನ್ನೂ ಬಾಗಿಲನ್ನೂ ಒಂದೊಂದು ಸಲ ನೋಡಿದರು. "ಯಾರೂ ಇಲ್ಲದ ಮನಿಗೆ ಹೋಗಾಕ ಯಾರ ಪರವಾನಗಿ ಕಾಯಾಕ ಹತ್ತೀರಿ?" ಅಂದರು.

ಅದಕ್ಕೆ ನಿಂತ ನಿಲುವಿನಲ್ಲಿ ಉತ್ತರ ಹೇಳಲು ಬರುವಂತಿರಲಿಲ್ಲ. ಮದುವೆಯಿಂದ ಶುರು ಮಾಡಬೇಕಾಗುತ್ತದೆ.

ಹೊಸ್ತಿಲ ಮೇಲಿನ ಉಪಮೆ

ನಾನು ಸವದತ್ತಿ ಪೇಟೆಯಲ್ಲಿ ಬೆಳೆದವನು. ನಮ್ಮಪ್ಪ ಪೋಸ್ಟಮನ್, ಹೊಲಮನಿ ಗೊತ್ತಿಲ್ಲ. ಅವಳು ಸಂಪಗಾಂವದ ಒಕ್ಕಲುತನದ ಮನೆಯ ಹುಡುಗಿ. ಕನ್ಯಾ ನೋಡಲು ಹೋದ ದಿನ ಬಸ್ಸು ನಡುದಾರಿಯಲ್ಲಿ ಕೆಟ್ಟು, ಕಡೆಯ ಎರಡು ಮೈಲಿ ಬಿಸಿಲಲ್ಲಿ ನಡೆದೆ. ಮನೆ ಮುಟ್ಟುವಷ್ಟರಲ್ಲಿ ತಲೆ ಕೆಟ್ಟಿತ್ತು. ಅವಳ ಅಪ್ಪ ಕೈಕಾಲಿಗೆ ನೀರು ಕೊಟ್ಟು, "ನಮ್ಮ ಹುಡುಗಿ ಬಂಗಾರದ ಗೊಂಬಿ ಐತ್ರಿ" ಅಂದರು.

"ಇದು ರೂಪಕ ಆತ್ರಿ" ಅಂದೆ. "ಗೊಂಬಿ ಹಂಗ ಅದಾಳ ಅಂದ್ರ ಉಪಮಾ. ಗೊಂಬೀನ ಅದಾಳ ಅಂತೀರಿ. ಸಿದ್ಧ ಮಾಡಿ ತೋರಸ್ರಿ."

ಅವರು ಎದ್ದೇ ಬಿಡುತ್ತಿದ್ದರು. ಒಳಗಿನಿಂದ ಒಂದು ಹೆಣ್ಣು ದನಿ, "ಯಪ್ಪಾ, ಸ್ವಲ್ಪ ತಡೀರಿ. ಚಹಾ ಆಗಲಿ" ಅಂದಿತು. ಚಹಾ ಬಂತು, ಸಿರಾ ಬಂತು, ಅರ್ಧ ತಾಸು ಹೋಯಿತು. ಆಮೇಲೆ ನಾನು ಮಾವನ ಎತ್ತುಗಳನ್ನು ಹೊಗಳಿದೆ, ಅಟ್ಟದ ತೊಲೆ ಹೊಗಳಿದೆ, ಸಿರಾ ಮತ್ತೊಮ್ಮೆ ಹಾಕಿಸಿಕೊಂಡೆ. ಮದುವೆ ಗೊತ್ತಾಯಿತು.

ನಮ್ಮ ಕಡೆ ಹೊಸ ಮದುಮಗಳು ಗಂಡನ ಮನೆಯ ಹೊಸ್ತಿಲು ದಾಟುವ ಮುಂಚೆ ಹೆಂಗಸರು ಅಡ್ಡ ನಿಂತು ಗಂಡನ ಹೆಸರು ಹೇಳು ಅನ್ನುತ್ತಾರೆ. ಗಂಡನ ಹೆಸರನ್ನು ಬರಿದೇ ಹೇಳುವ ಹಾಗಿಲ್ಲ. ಎರಡು ಸಾಲಿನ ಪದ ಕಟ್ಟಿ ಅದರೊಳಗೆ ಹೆಸರು ಇಟ್ಟು ಹೇಳಬೇಕು. ಅದಕ್ಕೆ ಒಡಪು ಅನ್ನುತ್ತಾರೆ. ಅವಳು ಸೆರಗು ಸರಿ ಮಾಡಿಕೊಂಡು ಹೇಳಿದ್ದು ಇದು:

ಹೊಸ್ತಿಲಕ ಅರಿಷಿಣ, ಬಾಗಿಲಕ ತೋರಣ,
ಹಗೇವಿನ್ಹಂಗ ಅದಾರ ಇಂಥವರು, ಕೇಳಬ್ಯಾಡ್ರಿ ಕಾರಣ.

'ಇಂಥವರು' ಇದ್ದಲ್ಲಿ ನನ್ನ ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಇಡೀ ಜನ್ಮದಲ್ಲಿ ಅವಳು ಅದನ್ನು ಕೆಲವೇ ಸಲ ಬಾಯಿಬಿಟ್ಟು ಹೇಳಿದಳು. ಅಷ್ಟು ಕಾಯ್ದಿಟ್ಟದ್ದನ್ನು ನಾನು ಕಾಗದದ ಮೇಲೆ ಚೆಲ್ಲುವುದು ಸರಿಯಲ್ಲ.

ಹಗೇವು ಅಂದರೆ ನೆಲದೊಳಗೆ ಬಾವಿಯ ಹಾಗೆ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಕಣಜ. ಹೆಂಗಸರೆಲ್ಲ ನಕ್ಕರು. ನಾನೊಬ್ಬ ನಗಲಿಲ್ಲ. ಆಗಷ್ಟೇ ಬಿ.ಎಡ್. ಮುಗಿಸಿದವನು. ಉಪಮೆಗೆ ನಾಲ್ಕು ಅಂಗ: ಯಾವುದನ್ನು ಹೋಲಿಸುತ್ತೇವೋ ಅದು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ, 'ಹಾಗೆ', 'ಅಂತೆ' ಅನ್ನುವುದು ಉಪಮಾವಾಚಕ, ಎರಡಕ್ಕೂ ಇರುವ ಒಂದೇ ಗುಣ ಸಮಾನಧರ್ಮ. ಮೂರು ಸಿಕ್ಕವು, ನಾಲ್ಕನೆಯದು ಎಲ್ಲಿ? ಹೊಸ್ತಿಲ ಮೇಲೇ ಅವಳ ಕಿವಿಯಲ್ಲಿ ಕೇಳಿದೆ.

"ಸಮಾನಧರ್ಮ ಯಾವುದು?"

ಮದುವೆಯಾದ ಮೇಲೆ ಗಂಡ ಹೆಂಡತಿಗೆ ಆಡಿದ ಮೊದಲ ಮಾತು ಅದು. ಅವಳು ಸೇರಿನ ಅಕ್ಕಿ ಒದ್ದು ಒಳಗೆ ಬರುತ್ತ ಹೇಳಿದಳು, "ನೀವ ಮಾಸ್ತರು. ನೀವ ಹುಡುಕ್ರಿ."

ಮೂರು ಅಂಕದ ಪ್ರಶ್ನೆ

ಹುಡುಕಿದೆ. ಸವದತ್ತಿಯ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ಉಪಮಾಲಂಕಾರ ಕಲಿಸುವಾಗ ಬೋರ್ಡಿನ ಮೇಲೆ ಬರೆದೆ: 'ಅವರು ಹಗೇವಿನ ಹಾಗೆ ಇದ್ದಾರೆ.' ಯಾರು ಯಾರಿಗೆ ಹೇಳಿದ್ದು ಅಂತ ಹೇಳಲಿಲ್ಲ. ಅಲಂಕಾರ ಹೆಸರಿಸಿ, ನಾಲ್ಕು ಅಂಗ ಬರೆದು, ಕಡೆಗೆ ಸಮನ್ವಯ ಮಾಡಬೇಕು. ಅಂದರೆ 'ಇಲ್ಲಿ ಉಪಮೇಯವಾದ ಇದನ್ನು ಉಪಮಾನವಾದ ಇದಕ್ಕೆ ಹೋಲಿಸಿದೆ, ಆದ್ದರಿಂದ ಇದು ಉಪಮಾಲಂಕಾರ' ಎಂಬ ಒಂದು ವಾಕ್ಯ. ಎಲ್ಲ ಸೇರಿ ಮೂರು ಅಂಕ. ಆ ಒಂದು ವಾಕ್ಯ ಬಿಟ್ಟವರಿಗೆ ನನ್ನ ಕೈಯಲ್ಲಿ ಎಂದೂ ಎರಡರ ಮೇಲೆ ಬಿದ್ದಿಲ್ಲ. ಉಳಿದದ್ದೆಲ್ಲ ಮುತ್ತಿನಂತೆ ಬರೆದಿರಲಿ, ಕಣ್ಣೀರೇ ಹಾಕಲಿ, "ಸಮನ್ವಯ ಬರದಿಲ್ಲ. ಎರಡ" ಅನ್ನುತ್ತಿದ್ದೆ. ಹುಡುಗರು ನನ್ನ ಬೆನ್ನ ಹಿಂದೆ ನನಗೆ 'ಎರಡ' ಅಂತಲೇ ಹೆಸರಿಟ್ಟಿದ್ದರು.

ಅವತ್ತು ಮೊದಲ ಬೆಂಚಿನ ಹುಡುಗಿ ಎದ್ದು ಹೇಳಿದಳು, "ಬಾಯಿ ಸಣ್ಣದು, ಹೊಟ್ಟಿ ದೊಡ್ಡದು ಸರ್."

ಹಗೇವಿನ ಆಕಾರ ಹಾಗೆಯೇ ಇರುತ್ತದೆ, ಒಪ್ಪತಕ್ಕದ್ದೇ. ಆದರೆ ಆಗ ನಾನು ಸಣಕಲ, ಗಾಳಿ ಬಂದರೆ ಬೋರ್ಡು ಹಿಡಿದು ನಿಲ್ಲುವವನು. ತಪ್ಪು ಅಂದೆ.

ಇನ್ನೊಬ್ಬಳು, "ಎಷ್ಟ ಹಾಕಿದ್ರೂ ತುಂಬೂದಿಲ್ಲ ಸರ್" ಅಂದಳು. ಅದೂ ತಪ್ಪು.

ಕಡೆಯ ಬೆಂಚಿನಿಂದ ಒಬ್ಬ ಕೈಯೆತ್ತಿದ. ವರ್ಷಪೂರ್ತಿ ಒಂದೂ ಉತ್ತರ ಹೇಳದವನು. ನನಗೆ ಸಂತೋಷವಾಯಿತು. "ಹೇಳಪಾ" ಅಂದೆ.

"ಬಾಯಿ ಮುಚ್ಚಿದ್ದಷ್ಟು ಚಲೋ ಸರ್."

ರಾತ್ರಿ ಮನೆಯಲ್ಲಿ ಇದನ್ನು ಹೇಳಿದಾಗ ಅವಳು ರೊಟ್ಟಿ ಬಡಿಯುವುದು ಬಿಟ್ಟು ನಕ್ಕಳು. "ಆ ಹುಡುಗ ಹತ್ತರ ಬಂದಾನ. ಅವಗ ಅರ್ಧಾ ಅಂಕ ಕೊಡ್ರಿ" ಅಂದಳು.

ಎಳೆ ಎಣಿಸುವವನು

ಇದರಲ್ಲಿ ನಗುವಿದೆ, ಆದರೆ ಹೇಳುವಾಗ ನನಗೆ ನಾಚಿಕೆಯಾಗುತ್ತದೆ.

ರಾಮದುರ್ಗಕ್ಕೆ ವರ್ಗವಾದಾಗ ನಾವು ನೇಕಾರರ ಓಣಿಯಲ್ಲಿ ಬಾಡಿಗೆಗಿದ್ದೆವು. ಇಡೀ ದಿನ ಮಗ್ಗದ ಸಪ್ಪಳ. ಪಕ್ಕದ ಮನೆಯ ಬಸುರಿ ಸೊಸೆಯ ಕುಬಸ, ಅಂದರೆ ಸೀಮಂತ, ನಡೆದಿತ್ತು. ಹೆಂಗಸರೆಲ್ಲ ಒಳಗೆ, ನಾನು ಹೊರಗೆ ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದೆ. ಒಬ್ಬೊಬ್ಬರೇ ಒಡಪು ಹೇಳುತ್ತಿದ್ದರು. ನನ್ನವಳ ಸರದಿ ಬಂತು. ಅದೇ ಅರಿಷಿಣ, ಅದೇ ತೋರಣ, ಅದೇ ಹಗೇವು. ಮಗ್ಗದ ಸಪ್ಪಳದ ನಡುವೆಯೂ ನನ್ನ ಹೆಸರು ಸ್ಪಷ್ಟವಾಗಿ ಕೇಳಿಸಿತು. ಸುಮ್ಮನೆ ಖುಷಿಪಡುವುದು ಬಿಟ್ಟು, ಕೈಯಲ್ಲಿದ್ದ ಕೆಂಪು ಪೆನ್ನಿನ ಸಮೇತ ಕಿಟಕಿಯಲ್ಲಿ ತಲೆ ತೂರಿಸಿದೆ.

"ಅದು ಲುಪ್ತೋಪಮಾ. ಸಮಾನಧರ್ಮ ಬಿಟ್ಟುಹೋಗೈತಿ. ಪರೀಕ್ಷಾದಾಗ ಹಿಂಗ ಬರದ್ರ ಅಂಕ ಹೋಗತಾವ."

ಆ ಮನೆಯ ಅಜ್ಜಿ, ಜನ್ಮವೆಲ್ಲ ಮಗ್ಗದ ಮುಂದೆ ಕಳೆದವರು, ನನ್ನ ಕಡೆ ತಿರುಗಿ ಕೇಳಿದರು. "ಸರ, ನೀವು ಸೀರಿ ತಂದ್ರ ಹೇಣ್ತಿಗೆ ಉಡಾಕ ಕೊಡತೀರೋ, ಎಳಿ ಎಣಸ್ಕೋತ ಕುಂಡ್ರತೀರೋ?"

ಓಣಿಗೆ ಓಣಿಯೇ ನಕ್ಕಿತು. ನಾನೂ ನಕ್ಕೆ. ಅವಳು ಮಾತ್ರ ನಗಲಿಲ್ಲ. ಆಮೇಲೆ ಎಷ್ಟೋ ಮದುವೆ, ಎಷ್ಟೋ ಕುಬಸ, ನಮ್ಮ ಮಗಳದೂ ಬಂದು ಹೋದವು. ನಾನು ಸುತ್ತಮುತ್ತ ಇದ್ದೇನೆ ಅಂದರೆ ಅವಳು, "ನಂಗ ಒಡಪು ಬರೂದಿಲ್ರಿ ಅಕ್ಕಾರ" ಅನ್ನುತ್ತಿದ್ದಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವಳ ಬಾಯಲ್ಲಿ ನನ್ನ ಹೆಸರು ನಾನು ಕೇಳಲಿಲ್ಲ. ಒಂದು ಅಂಕ ಕಡಿಮೆ ಹಾಕಿ ನಾನು ಕಳಕೊಂಡದ್ದು ಅಷ್ಟು.

ಬಸ್ಸು ಬಂತು

ಕಿತ್ತೂರಿಗೆ ಬಂದ ಮೇಲೆ, ಇದನ್ನು ಮೂಲದಲ್ಲೇ ವಿಚಾರಿಸೋಣ ಅಂತ ಒಂದು ರವಿವಾರ ಸಂಪಗಾಂವಕ್ಕೆ ಹೋದೆ. ಮಾವನವರಿಗೆ ವಯಸ್ಸಾಗಿತ್ತು. ಹಗೇವು ತೋರಿಸಿ ಅಂದರೆ ಅಂಗಳಕ್ಕೆ ಕರೆದುಕೊಂಡು ಹೋಗಿ ಮೈದುನನ ಮೋಟರ್‌ಸೈಕಲ್ ತೋರಿಸಿದರು.

"ಇದರ ಬುಡಕ ಐತಿ. ಮುಚ್ಚಿ ಭಾಳ ವರ್ಷ ಆತು."

"ಹಗೇವಿನ ಗುಣ ಏನ್ರಿ ಮಾವಾರ?"

ಅವರಿಗೆ ಹುರುಪು ಬಂತು. ಎಂಥ ನೆಲದಲ್ಲಿ ತೋಡಬೇಕು, ಒಳಗೆ ಹೇಗೆ ಸಾರಿಸಬೇಕು, ಗೋಡೆಗುಂಟ ಹುಲ್ಲು ಹೇಗೆ ಕಟ್ಟಬೇಕು, ಕಾಳು ಹೇಗೆ ತುಂಬಬೇಕು, ಬಾಯಿ ಹೇಗೆ ಮುಚ್ಚಬೇಕು ಎಂದು ಎರಡು ತಾಸು ಹೇಳಿದರು. ನಾನು ಟಿಪ್ಪಣಿ ಬರೆದುಕೊಂಡೆ. "ಇನ್ನ ತೆಗಿಯೂದು ಹೆಂಗಂದ್ರ" ಅನ್ನುವಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅದು ಬಿಟ್ಟರೆ ಸಂಜೆಯವರೆಗೆ ಬಸ್ಸಿಲ್ಲ. ಓಡುತ್ತಲೇ ಕೇಳಿದೆ, "ಒಂದ ಮಾತಿನಾಗ ಹೇಳ್ರಿ, ಹಗೇವು ಅಂದ್ರ ಏನು?"

"ಬರಗಾಲದಾಗ ಮನಿ ಕಾಯತೈತಿ" ಎಂದು ಅವರು ಕೂಗಿದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಎದೆ ಉಬ್ಬಿತ್ತು. ಕಷ್ಟಕಾಲದಲ್ಲಿ ಕಾಯುವವನು! ಹೆಂಡತಿ ಹೊಸ್ತಿಲ ಮೇಲೆ ನಿಂತೇ ಇದನ್ನು ಕಂಡಿದ್ದಳು, ನಾನೇ ದಡ್ಡ. ಮನೆಗೆ ಬಂದವನೇ ಘೋಷಣೆ ಮಾಡಿದೆ. ಅವಳು ಚಹಾ ಇಟ್ಟು, ಯಾವತ್ತಿನ ಹಾಗೆ ಮಾತಿಲ್ಲದೆ ಒಳಗೆ ಹೋದಳು. ನಾನು ಹೊರಗಿನಿಂದ ಬಂದಾಗ ಅವಳು ಮಾತಾಡುತ್ತಲೇ ಇರಲಿಲ್ಲ. ಮರ್ಯಾದೆ ಅಂದರೆ ಇದು ಅಂತ ನಾನು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚುತ್ತಿದ್ದೆ. ಅರ್ಧ ತಾಸಿನ ಮೇಲೆ ಬಂದು ನನ್ನ ಪಕ್ಕ ಕೂತು ಹೇಳಿದಳು.

"ಅದಲ್ಲ. ನಮ್ಮಪ್ಪಗ ನೀವು ಅಳಿಯಾ. ಅಳಿಯಾಗ ಮತ್ತೇನ ಹೇಳ್ಯಾನು?"

ಕಟ್ಟೆಯ ಮೇಲಿನ ಮಕ್ಕಳು

ಬೈಲಹೊಂಗಲದಲ್ಲಿ ಮನೆಯಲ್ಲೇ ಸಂಜೆ ಪಾಠ ಇಟ್ಟುಕೊಂಡೆ. ನಾನು ಸಾಲಿಯಿಂದ ಬರುವಷ್ಟರಲ್ಲಿ ಮಕ್ಕಳು ಬಂದಿರುತ್ತಿದ್ದರು, ಆದರೆ ಅವಳು ಅವರನ್ನು ಒಳಗೆ ಬಿಡುತ್ತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಒಂದೊಂದು ಬೊಗಸೆ ಚುರುಮುರಿ ಕೊಟ್ಟು, "ಸರ್ ಈಗ ಬಂದಾರ. ಅರ್ಧಾ ತಾಸು ತಡೀರಿ" ಅನ್ನುತ್ತಿದ್ದಳು. ಪಾಪ, ನಾನು ದಣಿದಿರುತ್ತೇನೆ ಅಂತ ಅವಳಿಗೆ ಎಷ್ಟು ಕಾಳಜಿ ಅಂದುಕೊಂಡಿದ್ದೆ.

ಪಾಠದ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಮಕ್ಕಳು ತಡವರಿಸಿದರೆ ಬಡಿತ ನಿಲ್ಲುತ್ತಿತ್ತು, ಒಳಗಿನಿಂದ ಸರಿಯುತ್ತರ ಬರುತ್ತಿತ್ತು, ಮತ್ತೆ ಬಡಿತ ಶುರು. ಒಮ್ಮೆ ಒಬ್ಬ ಹುಡುಗಿಗೆ ರೂಪಕಕ್ಕೂ ಉಪಮೆಗೂ ವ್ಯತ್ಯಾಸ ತಿಳಿಯದೆ ನಾನು ಮೂರು ಸಲ ಹೇಳಿ ರೇಗಿದೆ. ಇವಳು ಹಿಟ್ಟಿನ ಕೈಯಲ್ಲೇ ಬಂದಳು.

"ನೋಡವಾ, ಸರ್ ಹುಲಿ ಹಂಗ ಅದಾರ ಅಂದ್ರ ಉಪಮಾ. ಸರ್ ಹುಲೀನ ಅಂದ್ರ ರೂಪಕ. ತಿಳೀತಿಲ್ಲ?"

"ತಿಳೀತ್ರಿ ಅಕ್ಕಾರ" ಅಂದಳು ಹುಡುಗಿ. ಆಮೇಲೆ ನನ್ನನ್ನು ಒಂದು ಸಲ ನೋಡಿ ಕೇಳಿದಳು, "ಮನ್ಯಾಗ ಯಾವುದ ನಡೀತೈತ್ರಿ?"

ಅಡ್ಡಹೆಸರು

ನಿವೃತ್ತಿಯಾಗಿ ಎರಡು ವರ್ಷಕ್ಕೆ ಅವಳ ದನಿ ಒಡೆಯಿತು. ನೆಗಡಿ ಅಂದುಕೊಂಡೆವು. ಬೆಳಗಾವಿಯ ದೊಡ್ಡ ಡಾಕ್ಟರು ಪರೀಕ್ಷೆ ಮಾಡಿ, ಗಂಟಲಲ್ಲಿ ಗಡ್ಡೆ ಇದೆ, ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ಆಮೇಲೆ ಮಾತು ಬರುವುದಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು, ಮೂವತ್ತನಾಲ್ಕು ವರ್ಷ ಮಾತನ್ನೇ ಕಲಿಸಿದವನು, ಅವಳಿಗೆ ಹೇಳಲು ಒಂದು ಮಾತು ಸಿಗದೆ ಕೂತಿದ್ದೆ. ನನಗೆ ಭಯವಾಗಿತ್ತು. ಅವಳ ದನಿಯಲ್ಲಿ ನನ್ನ ಹೆಸರು ಮತ್ತೊಮ್ಮೆ ಕೇಳಬೇಕು ಅನ್ನಿಸುತ್ತಿತ್ತು. ಬಾಯಿ ಮುಚ್ಚಿಸಿದವನೇ ನಾನು, ಯಾವ ಮುಖದಿಂದ ಕೇಳಲಿ?

ಭರ್ತಿ ಮಾಡುವ ದಿನ ಅವಳನ್ನು ಆಸ್ಪತ್ರೆಯ ಕೌಂಟರಿನ ಸಾಲಿನಲ್ಲಿ ನಿಲ್ಲಿಸಿ ನಾನು ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಹೋದೆ. ತಿರುಗಿ ಬರುವಷ್ಟರಲ್ಲಿ ಅವಳ ಸರದಿ ಬಂದಿತ್ತು. ಕಂಪ್ಯೂಟರ್ ಮುಂದಿನ ಹುಡುಗಿ ಕೇಳುತ್ತಿದ್ದಳು, "ಗಂಡನ ಹೆಸರ ಹೇಳ್ರಿ ಅಮ್ಮಾ."

ನಾನು ಹತ್ತು ಹೆಜ್ಜೆ ಹಿಂದಿದ್ದೆ. ಅವಳು ನನ್ನನ್ನು ನೋಡಿರಲಿಲ್ಲ. ಸೆರಗು ಸರಿ ಮಾಡಿಕೊಂಡಳು. ಆ ಒಡೆದ ದನಿಯಲ್ಲಿ, ಇಡೀ ಸಾಲಿನ ಮುಂದೆ, ಹೊಸ್ತಿಲಕ ಅರಿಷಿಣ ಅಂತ ಶುರು ಮಾಡಿ ಕೇಳಬ್ಯಾಡ್ರಿ ಕಾರಣ ಅನ್ನುವವರೆಗೆ ಪೂರ್ತಿ ಹೇಳಿದಳು. ನಡುವೆ ನನ್ನ ಹೆಸರು ಬಂತು. ನಾನು ಜೆರಾಕ್ಸ್ ಕಾಗದ ಹಿಡಿದು ನಿಂತಲ್ಲೇ ನಿಂತೆ. ಅಂಕ ಹಾಕಲಿಲ್ಲ.

ಆ ಹುಡುಗಿ ಮಾತ್ರ ಗಾಬರಿಯಾಗಲಿಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಅಡ್ಡಹೆಸರು ಇರುವ ನಾಡು ನಮ್ಮದು. ದಿನಾ ಅಂಥವನ್ನೇ ಒತ್ತಿ ಒತ್ತಿ ಅವಳಿಗೆ ರೂಢಿ. ಕಂಪ್ಯೂಟರಿನಿಂದ ಕಣ್ಣು ಎತ್ತದೆ ಕೇಳಿದಳು.

"ಹೆಸರು ಬಂತ್ರಿ. ಹಗೇವು ಅಡ್ಡಹೆಸರೇನ್ರಿ?"

ವಾರ್ಡಿನಲ್ಲಿ ಕೊಟ್ಟ ಕಾರ್ಡಿನ ಮೇಲೆ ನನ್ನ ಹೆಸರಿನ ಮುಂದೆ 'ಹಗೇವು' ಅಂತ ಅಚ್ಚಾಗಿತ್ತು. ಅದನ್ನು ನೋಡಿ ಅವಳು ಮಂಚದ ಮೇಲೆ ಹೊರಳಿ ಹೊರಳಿ ನಕ್ಕಳು. ನಾನು ಕೇಳಿದ ಅವಳ ಕಡೆಯ ನಗುವಿನ ಸಪ್ಪಳ ಅದು. ಮರುದಿನ ಆಪರೇಷನ್.

ಪಾಟಿ

ಆಮೇಲೆ ಅವಳು ಇದ್ದದ್ದು ಹತ್ತು ತಿಂಗಳು. ಮಗಳು ಧಾರವಾಡದಿಂದ ಬಂದು ಮೊಬೈಲಿನಲ್ಲಿ ಬರೆಯುವುದು ಕಲಿಸಿದಳು. ಅವಳಿಗೆ ಅದು ಸೇರಲಿಲ್ಲ. ಸಣ್ಣ ಮಕ್ಕಳ ಪಾಟಿ ಬಳಪ ತರಿಸಿಕೊಂಡಳು. 'ಚಹಾ', 'ಸಾಕು', 'ಫ್ಯಾನ್ ಬಂದ ಮಾಡ್ರಿ', ಹೀಗೆ ಬರೆದು ತೋರಿಸಿ ಸೆರಗಿನಿಂದ ಒರೆಸುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಔಷಧಿ ಅಂಗಡಿಯವನ ಜೊತೆ ಜಗಳಾಡಿ, ಉರಿಯುತ್ತ ಮನೆಗೆ ಬಂದೆ. ಬಂದವನೇ ಕೂಗಾಡಿದೆ. ಅವಳು ಚಹಾ ಇಟ್ಟು, ಪಾಟಿಯನ್ನು ಬೋರಲು ಹಾಕಿ, ಒಳಗೆ ಹೋದಳು. ಅರ್ಧ ತಾಸಿನ ಮೇಲೆ ಬಂದು ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ನನ್ನ ಸಿಟ್ಟು ಇಳಿದಿತ್ತು. ಅವಳ ಕೈ ಹಿಡಿದು ಕೇಳಿದೆ.

"ಇನ್ನರ ಹೇಳು. ಹಗೇವು ಯಾಕ?"

ಅವಳು ಪಾಟಿ ತೊಡೆಯ ಮೇಲಿಟ್ಟುಕೊಂಡು, ನನ್ನ ಪಾಠದ ಮಕ್ಕಳು ಬರೆಯುತ್ತಿದ್ದ ಹಾಗೆಯೇ ಒಂದರ ಕೆಳಗೊಂದು ಬರೆದಳು.

ಉಪಮೇಯ: ನೀವು.
ಉಪಮಾನ: ಹಗೇವು.
ಉಪಮಾವಾಚಕ: ಹಂಗ.

ಜಾಗ ಸಾಲದೆ ಪಾಟಿ ತಿರುಗಿಸಿದಳು.

ಸಮಾನಧರ್ಮ: ಬಾಯಿ ತಗದ ಕೂಡಲೆ ಒಳಗ ಇಳೀಬಾರದು. ವಿಷದ ಗಾಳಿ ಇರತೈತಿ. ಅರ್ಧಾ ತಾಸು ಬಿಡಬೇಕು. ಆಮ್ಯಾಲ ಒಳಗ ಬರೇ ಕಾಳು.

ಮಾವನವರು ಬಸ್ಸು ಬಂತೆಂದು ಹೇಳದೆ ಬಿಟ್ಟ ಪಾಠ ಇದೇ. ಹಗೇವಿನ ಬಾಯಿ ತೆಗೆದರೆ ಒಳಗಿನ ಕೆಟ್ಟ ಗಾಳಿಗೆ ಆಳು ಸತ್ತೇ ಹೋಗಬಹುದು, ಒಕ್ಕಲುತನದ ಮನೆಯಲ್ಲಿ ಸಣ್ಣ ಮಕ್ಕಳಿಗೂ ಇದು ಗೊತ್ತು. ಕನ್ಯಾ ನೋಡಲು ಬಂದ ದಿನವೇ ಅವಳು ನನ್ನನ್ನು ಓದಿ ಮುಗಿಸಿದ್ದಳು. ಮಾತಿಲ್ಲದ ಆ ಚಹಾ, ಕಟ್ಟೆಯ ಮೇಲಿನ ಚುರುಮುರಿ, ನಾನು ಮರ್ಯಾದೆ ಅಂತ ಜಂಬ ಕೊಚ್ಚಿದ್ದು, ಎಲ್ಲ ಗಾಳಿ ಹೋಗಲಿ ಅಂತ ಕಾಯ್ದದ್ದು. ನಾನು ಕೀಲಿ ತೆಗೆದು ಹೊಸ್ತಿಲ ಹೊರಗೆ ನಿಲ್ಲುವುದೂ ಇದಕ್ಕೇ. ಒಳಗೆ ಗೋಡೆಯ ಮೇಲೆ ಅವಳ ಫೋಟೋ ಇದೆ. ಬಜಾರದ ಸಿಟ್ಟು ಹೊತ್ತು ಅವಳ ಮುಂದೆ ಹೋಗಬಾರದು. ಅವಳಿದ್ದಾಗ ಅವಳು ಕಾಯ್ದಳು, ಈಗ ನಾನು ಕಾಯುತ್ತೇನೆ. ತಡವಾಯಿತು ಅಂತ ನನಗೆ ಗೊತ್ತು.

ಅವತ್ತು ಪಾಟಿ ಓದಿ ನನಗೆ ಅಳು ತಡೆಯಲಾಗಲಿಲ್ಲ. ಕೈಗೆ ರೂಢಿಯಿದ್ದದ್ದನ್ನೇ ಮಾಡಿದೆ. ಬಳಪ ತಗೊಂಡು ಪಾಟಿಯ ಮೂಲೆಯಲ್ಲಿ ದೊಡ್ಡದಾಗಿ 'ಮೂರಕ್ಕೆ ಮೂರು' ಅಂತ ಬರೆದು, ಕೆಳಗೆ ಸಹಿ ಮಾಡಿದೆ. ಇಡೀ ಜನ್ಮದಲ್ಲಿ ಕೈಬಿಚ್ಚಿ ಕೊಟ್ಟ ಅಂಕ ಅದೊಂದೇ.

ಅವಳು ಪಾಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬಳಪ ನನ್ನ ಕೈಯಿಂದ ಕಸಿದುಕೊಂಡಳು. ನನ್ನ ಅಂಕದ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಬರೆದಳು:

"ಸಮನ್ವಯ ಬರದಿಲ್ಲ. ಎರಡ ಹಾಕ್ರಿ."